ಲಂಗ ಬೇಕೆನ್ನುವ ಮಗನಿಗೆ ಯಾವ ಕಥೆ?

ಮಕ್ಕಳ ಪುಸ್ತಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಐದು ವರ್ಷದ ಮಗ ಅಕ್ಕನ ಲಂಗ ಉಟ್ಟು, ಬಳೆ ತೊಟ್ಟು ಮನೆಯೆಲ್ಲ ಓಡಾಡುತ್ತಾನೆ. ನನಗೆ ಅದರಿಂದ ಬೇಸರವಿಲ್ಲ. ಅತ್ತೆ ಮಾತ್ರ "ಗಂಡುಹುಡುಗ ಹಿಂಗಾ ಇರೋದು?" ಎಂದು ಗದರುತ್ತಾರೆ. ಅಜ್ಜಿ-ಮೊಮ್ಮಗ ಇಬ್ಬರಿಗೂ ಓದಿ ಹೇಳುವಂಥ ಪುಸ್ತಕ ಇದೆಯೇ? (ಧಾರವಾಡ)

ಇದೆ, ಅದರಲ್ಲಿ ಅಜ್ಜಿಯೂ ಇದ್ದಾಳೆ. ಜೆಸ್ಸಿಕಾ ಲವ್ ಬರೆದು ಚಿತ್ರಿಸಿದ 'ಹೂಲಿಯಾನ್ ಈಸ್ ಎ ಮರ್ಮೇಡ್' (2018) ತರಿಸಿಕೊಳ್ಳಿ. ಅಂಗಡಿಯವರಿಗೆ 'ಜೂಲಿಯನ್' ಎಂದರೆ ಬೇಗ ಗೊತ್ತಾಗುತ್ತದೆ. ನ್ಯೂಯಾರ್ಕಿನ ಹುಡುಗನೊಬ್ಬ ಅಜ್ಜಿಯ ಜೊತೆ ರೈಲಿನಲ್ಲಿ ಬರುವಾಗ ಮತ್ಸ್ಯಕನ್ಯೆಯರ ವೇಷ ತೊಟ್ಟ ಮೂವರನ್ನು ನೋಡುತ್ತಾನೆ. ಮನೆಗೆ ಬಂದ ಮೇಲೆ ಅಜ್ಜಿ ಸ್ನಾನಕ್ಕೆ ಹೋಗುತ್ತಾಳೆ. ಅಷ್ಟರಲ್ಲಿ ಇವನು ಕಿಟಕಿಯ ಪರದೆಯನ್ನು ಬಾಲ ಮಾಡಿಕೊಂಡು, ಕುಂಡದ ಎಲೆ-ಹೂವು ತಲೆಗೆ ಮುಡಿದು ನಿಂತಿರುತ್ತಾನೆ. ಅಜ್ಜಿ ಬಂದು ನೋಡುತ್ತಾಳೆ, ಏನೂ ಹೇಳದೆ ಹೊರಟುಬಿಡುತ್ತಾಳೆ. ತಿರುಗಿ ಬಂದಾಗ ಅವಳ ಕೈಯಲ್ಲಿ ಮಣಿಸರ. ಅದನ್ನು ಅವನಿಗೆ ಕೊಟ್ಟು, ಕೈ ಹಿಡಿದು ಮತ್ಸ್ಯಕನ್ಯೆಯರ ಮೆರವಣಿಗೆಗೆ ಕರೆದೊಯ್ಯುತ್ತಾಳೆ. ಅಲ್ಲಿನ ಕೋನಿ ಐಲ್ಯಾಂಡಿನಲ್ಲಿ ಇಂಥ ಮೆರವಣಿಗೆ 1983ರಿಂದ ನಿಜವಾಗಿಯೂ ನಡೆಯುತ್ತಿದೆ.

ಪುಸ್ತಕ ಇಂಗ್ಲಿಷಿನಲ್ಲಿದೆ, ಆದರೆ ಮಾತು ಬಹಳ ಕಡಿಮೆ. ಚಿತ್ರ ತೋರಿಸುತ್ತ ನಿಮ್ಮ ಧಾರವಾಡದ ಕನ್ನಡದಲ್ಲೇ ಹೇಳಿ. ಅಜ್ಜಿ ಸುಮ್ಮನೆ ಹೊರಟುಹೋಗುವ ಪುಟದಲ್ಲಿ ಅವಸರ ಬೇಡ. "ಅಜ್ಜಿಗೆ ಸಿಟ್ಟು ಬಂದಿಲ್ಲ ಪುಟ್ಟಾ" ಎಂದು ಸಮಾಧಾನ ಮಾಡಲು ಹೋದರೆ ಕಥೆಯ ಜೀವವೇ ಹೋಗುತ್ತದೆ. ಆ ಹುಡುಗ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುವ ಆತಂಕವನ್ನು ನಿಮ್ಮ ಮಗ ಪೂರ್ತಿ ಅನುಭವಿಸಲಿ. ಆಗಲೇ ಮಣಿಸರಕ್ಕೆ ಬೆಲೆ.

ಅತ್ತೆಯವರಿಗೆ ಕಥೆ ಹೇಳುವ ಮೊದಲು ಹಳೆಯ ಆಲ್ಬಂ ತೆಗೆಯಿರಿ. ಎರಡು-ಮೂರು ವರ್ಷದ ಗಂಡುಮಗುವಿಗೆ ಲಂಗ ಉಡಿಸಿ, ಜಡೆ ಹಾಕಿ, ಹೂ ಮುಡಿಸಿ ಸ್ಟುಡಿಯೋದಲ್ಲಿ ಫೋಟೋ ತೆಗೆಸುವುದು ನಮ್ಮಲ್ಲಿ ಎಷ್ಟೋ ಮನೆಗಳ ರೂಢಿ. ಸಿಕ್ಕರೆ, ಆ ಫೋಟೋದ ಕಥೆಯನ್ನು ಅವರೇ ಮೊಮ್ಮಗನಿಗೆ ಹೇಳಲಿ. ಬುದ್ಧಿವಾದ ಹೇಳಿಸಿಕೊಳ್ಳುವ ಜಾಗದಿಂದ ಅವರು ಕಥೆ ಹೇಳುವ ಜಾಗಕ್ಕೆ ಬರುತ್ತಾರೆ.

ಎರಡನೆಯ ಪುಸ್ತಕವಾಗಿ ಕೆನಡಾದ ವಿವೇಕ್ ಶ್ರಯಾ ಅವರ 'ದ ಬಾಯ್ ಅಂಡ್ ದ ಬಿಂದಿ' (2016) ಓದಿ. ಅಮ್ಮನ ಹಣೆಯ ಬೊಟ್ಟನ್ನು ಬೆರಗಿನಿಂದ ನೋಡುವ ಮಗನಿಗೂ ಅಮ್ಮ ಒಂದು ಬೊಟ್ಟು ಇಡುತ್ತಾಳೆ. ವಸ್ತು ನಮ್ಮ ಮನೆಯದೇ ಆದ್ದರಿಂದ ಏನನ್ನೂ ವಿವರಿಸಬೇಕಾಗಿಲ್ಲ.

ತರಗತಿಯಲ್ಲಿ ಇಂಥ ಕಥೆ ಓದಿದೆ. ಹುಡುಗ ಫ್ರಾಕ್ ಹಾಕಿದ ಚಿತ್ರ ಬಂದಕೂಡಲೇ ಮಕ್ಕಳೆಲ್ಲ ನಕ್ಕರು. ಒಬ್ಬ ಹುಡುಗನತ್ತ ಬೆರಳು ತೋರಿಸಿ ಅಣಕಿಸಿದರು. ಎಲ್ಲಿ ತಪ್ಪಿತು? (ತುಮಕೂರು, ಶಿಕ್ಷಕಿ)

ನಗು ತಪ್ಪಲ್ಲ. ಹೊಸದನ್ನು ಕಂಡಾಗ ಮಕ್ಕಳು ನಗುತ್ತಾರೆ, ಗದರಿದರೆ ಆ ನಗು ಮೇಜಿನ ಕೆಳಗೆ ಹೋಗಿ ಅಣಕವಾಗುತ್ತದೆ. ನಗು ಬಂದಾಗ ಬಟ್ಟೆಯ ಬಗ್ಗೆಯೇ ಕೇಳಿ: ಇದು ಯಾವ ಬಣ್ಣ? ತಿರುಗಿದರೆ ಅರಳುತ್ತದಾ? ಜೇಬು ಇದೆಯಾ? ಗಮನ ಹುಡುಗನಿಂದ ಬಟ್ಟೆಗೆ ಹೊರಳುತ್ತದೆ, ಆಮೇಲೆ ಬಟ್ಟೆಯ ಖುಷಿಗೆ. "ಹುಡುಗ ಫ್ರಾಕ್ ಹಾಕುವುದು ಸರಿಯೋ ತಪ್ಪೋ?" ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ತರಗತಿ ಪಂಚಾಯ್ತಿ ಕಟ್ಟೆಯಾಗುತ್ತದೆ, ಮೊದಲೇ ಅಣಕಿಸಿಕೊಳ್ಳುತ್ತಿದ್ದ ಮಗು ಆರೋಪಿಯಾಗಿ ನಿಲ್ಲುತ್ತದೆ.

ಬೆರಳು ತೋರಿಸಿದ್ದಕ್ಕೆ ಬಹುಶಃ ಓದಿದ ದಿನವೇ ಕಾರಣ. ಯಾರನ್ನೋ ಛೇಡಿಸಿದ ಮರುದಿನವೇ ಈ ಪುಸ್ತಕ ತೆಗೆದರೆ, ಯಾರಿಗಾಗಿ ಓದುತ್ತಿದ್ದೀರಿ ಎಂದು ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ. ಸಾಮಾನ್ಯ ವಾರದಲ್ಲಿ, ಬೇರೆ ನಾಲ್ಕು ಪುಸ್ತಕಗಳ ನಡುವೆ ಓದಿ. ಒಮ್ಮೆಗೆ 12ರಿಂದ 15 ಮಕ್ಕಳು ಸಾಕು, ಅರ್ಧವೃತ್ತದಲ್ಲಿ ಕೂರಲಿ. ಚಿತ್ರ ಕಾಣದ ಹಿಂದಿನ ಸಾಲಿನಿಂದಲೇ ಗಲಾಟೆ ಶುರುವಾಗುವುದು. ಮೂರು ದಿನ ಬಿಟ್ಟು ಅದೇ ಪುಸ್ತಕವನ್ನು ಮತ್ತೆ ಓದಿ. ಎರಡನೇ ಸಲ ನಗು ಕಡಿಮೆ ಇರುತ್ತದೆ, ಪ್ರಶ್ನೆಗಳು ಬರುತ್ತವೆ.

ನಾನೇ ಒಂದು ಕಥೆ ಬರೆದಿದ್ದೇನೆ, 1800 ಪದಗಳು. ಲಂಗ ಇಷ್ಟಪಡುವ ಹುಡುಗನನ್ನು ಊರೆಲ್ಲ ಗೇಲಿ ಮಾಡುತ್ತದೆ. ಕೊನೆಗೆ ಕೆರೆಯಲ್ಲಿ ಮುಳುಗುತ್ತಿದ್ದ ಗೆಳೆಯನನ್ನು ಅವನು ದುಪಟ್ಟಾ ಎಸೆದು ಕಾಪಾಡುತ್ತಾನೆ, ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಎರಡು ಪತ್ರಿಕೆಗಳಿಂದ ವಾಪಸ್ ಬಂತು. (ಉಡುಪಿ)

ತೊಂದರೆ ಇರುವುದು ಕೆರೆಯಲ್ಲಿ. ಗೆಳೆಯ ಮುಳುಗದೇ ಇದ್ದಿದ್ದರೆ ಊರು ಇವನನ್ನು ಒಪ್ಪುತ್ತಿತ್ತೇ? ಇಲ್ಲ. ಅಂದರೆ ನಿಮ್ಮ ಕಥೆ ಓದುವ ಮಗುವಿಗೆ ತಿಳಿಯುವುದು ಇಷ್ಟೇ: ಬೇರೆಯವರ ಹಾಗೆ ಇಲ್ಲದಿದ್ದರೆ ಮೊದಲು ಸಾಹಸ ಮಾಡು, ಆಮೇಲೆ ನಿನ್ನನ್ನು ಪ್ರೀತಿಸುತ್ತೇವೆ. ಎಲ್ಲ ಮಕ್ಕಳಿಗೂ ಪುಕ್ಕಟೆ ಸಿಗುವ ಪ್ರೀತಿಗೆ ಈ ಮಗು ಮಾತ್ರ ಬೆಲೆ ತೆರಬೇಕಾಗುತ್ತದೆ. ಸದುದ್ದೇಶದಿಂದ ಬರೆದ ಕಥೆಗಳೇ ಎಡವುವುದು ಹೆಚ್ಚಾಗಿ ಇಲ್ಲಿ.

ಮೇಲೆ ಹೇಳಿದ ಪುಸ್ತಕಗಳನ್ನು ನೋಡಿ. ಹುಡುಗ ಏನನ್ನೂ ಸಾಧಿಸಿ ತೋರಿಸುವುದಿಲ್ಲ. ದೊಡ್ಡವರು ಭಾಷಣ ಮಾಡುವುದಿಲ್ಲ, ಒಂದು ವಸ್ತು ಕೊಡುತ್ತಾರೆ: ಅಜ್ಜಿಯದು ಮಣಿಸರ, ಅಮ್ಮನದು ಬೊಟ್ಟು. ಬದಲಾಗಬೇಕಾದವರು ದೊಡ್ಡವರೇ ಹೊರತು ಮಗುವಲ್ಲ.

ನಿಮ್ಮ ಕಥೆಯಲ್ಲಿ ಅಂಥದೊಂದು ಕ್ಷಣ ಆಗಲೇ ಇದೆ. ಅಪ್ಪ ದರ್ಜಿ ಎಂದು ಮೂರನೇ ಪುಟದಲ್ಲಿ ಬರೆದು ಅಲ್ಲಿಗೇ ಕೈಬಿಟ್ಟಿದ್ದೀರಿ. ಅವನನ್ನು ಕೊನೆಗೆ ತನ್ನಿ. ಅಕ್ಕನ ಲಂಗ ಉದ್ದವಾಗಿ ಮಗ ಎಡವಿ ಬೀಳುತ್ತಾನೆ. ಅಪ್ಪ ಏನೂ ಅನ್ನದೆ ಲಂಗ ಬಿಚ್ಚಿಸಿಕೊಂಡು ಯಂತ್ರದ ಮುಂದೆ ಕೂರುತ್ತಾನೆ. ಬಟ್ಟೆ ಹೋಯಿತೆಂದೇ ಮಗನ ಎಣಿಕೆ. ಮುಂದಿನ ಪುಟ: "ಅಂಚನ್ನು ನಾಲ್ಕು ಬೆರಳು ಒಳಗೆ ಮಡಚಿ ಹೊಲಿದ. 'ಈಗ ಓಡಿ ನೋಡು' ಅಂದ." ಇಷ್ಟು ಸಾಕು, "ನಿನಗೆ ಇಷ್ಟವಾದದ್ದನ್ನು ಉಡು ಮಗನೇ" ಎಂಬ ಸಾಲು ಬೇಡ.

ಇನ್ನು ಗೇಲಿಯ ಮಾತು. ನಿಮ್ಮ ಪ್ರತಿಯಲ್ಲಿ ಬೈಗುಳಗಳೇ ಹನ್ನೊಂದಿವೆ. ಆರು ವರ್ಷದ ಓದುಗರು ಕಥೆ ಮರೆತರೂ ಬೈಗುಳ ಮರೆಯುವುದಿಲ್ಲ, ಮಾರನೇ ದಿನ ಅವು ಆಟದ ಮೈದಾನದಲ್ಲಿರುತ್ತವೆ. ಗೇಲಿಗೆ ಒಂದೇ ಜೋಡಿಪುಟ (ಪುಸ್ತಕ ತೆರೆದಾಗ ಎದುರುಬದುರು ಕಾಣುವ ಎರಡು ಪುಟ) ಕೊಡಿ, ಅಲ್ಲೂ ಮಾತು ಬರೆಯದೆ ಮಕ್ಕಳ ಮುಖ, ತೋರುವ ಬೆರಳುಗಳಷ್ಟೇ ಚಿತ್ರದಲ್ಲಿರಲಿ.

ಉದ್ದವನ್ನು 500 ಪದಗಳಿಗೆ ಇಳಿಸಿ. ಚಿತ್ರಪುಸ್ತಕಕ್ಕೆ ರೂಢಿಯ ಅಳತೆ 32 ಪುಟ. ದೊಡ್ಡ ಹಾಳೆ ಮಡಚಿದಾಗ 16 ಪುಟ ಸಿಗುತ್ತದೆ, ಅಂಥ ಎರಡು ಸೇರಿ 32. ಶೀರ್ಷಿಕೆ, ಮುದ್ರಣ ವಿವರ ಕಳೆದರೆ ಕಥೆಗೆ ಉಳಿಯುವುದು ಸುಮಾರು 14 ಜೋಡಿಪುಟ, ಒಂದೊಂದಕ್ಕೆ 35 ಪದ. ಹಾಳೆಗಳನ್ನು ಮಡಚಿ ಡಮ್ಮಿ (ಖಾಲಿ ಮಾದರಿ ಪುಸ್ತಕ) ಮಾಡಿಕೊಂಡು ಕಥೆಯನ್ನು ಅದರಲ್ಲೇ ಹಂಚಿ ಬರೆಯಿರಿ. ಅಪ್ಪ ಲಂಗ ಬಿಚ್ಚಿಸಿಕೊಳ್ಳುವುದು ಬಲಪುಟದ ಕೊನೆಯಲ್ಲಿ ಬರಬೇಕು, ಉತ್ತರ ಪುಟ ತಿರುವಿದ ಮೇಲೆ.

ಬಟ್ಟೆಯನ್ನು ಹೆಸರಿಟ್ಟು ಬರೆಯುವುದನ್ನೂ ಮರೆಯಬೇಡಿ. "ಬಣ್ಣದ ಸೀರೆ" ಎಂದರೆ ಚಿತ್ರಕಾರರಿಗೆ ಏನೂ ಸಿಗುವುದಿಲ್ಲ. "ಅಜ್ಜಿಯ ಇಳಕಲ್ ಸೀರೆಯ ಕೆಂಪು ಸೆರಗು, ಅದರ ತೋಪು ತೆನೆ ವಿನ್ಯಾಸ" ಎಂದರೆ ಕೈ ತಾನೇ ಓಡುತ್ತದೆ.

ಇಂಥ ಕಥೆ ಓದಿದರೆ ಮಗ 'ಹಾಗೆ' ಆಗಿಬಿಡುವುದಿಲ್ಲವೇ? (ಹೆಸರು ಬೇಡ ಎಂದಿದ್ದಾರೆ)

ಇಲ್ಲ. ಬಟ್ಟೆಯ ರೂಢಿ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಮಗುವಿನ ಸ್ವಭಾವವನ್ನು ಅದು ತಿದ್ದುವುದಿಲ್ಲ. ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಎರಡೂವರೆ ವರ್ಷದವರಿದ್ದಾಗ, 1884ರಲ್ಲಿ, ಬಿಳಿ ಲಂಗದಲ್ಲಿ ತೆಗೆಸಿದ ಫೋಟೋ ಇದೆ. ಆಗ ಅಲ್ಲಿ ಪುಟ್ಟ ಹುಡುಗರೂ ತೊಡುತ್ತಿದ್ದದ್ದು ಅದನ್ನೇ.

ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ಹೂಲಿಯಾನ್‌ಗೆ ಬೇಕಾದದ್ದು ಮತ್ಸ್ಯಕನ್ಯೆಯ ಉಡುಗೆ. ಕನಕ್ ಶಶಿ ಅವರ, ತೂಲಿಕಾ ಪ್ರಕಟಿಸಿದ 'ಗುಠ್ಲಿ ಹ್ಯಾಸ್ ವಿಂಗ್ಸ್' ಕಥೆಯ ಗುಠ್ಲಿಯನ್ನು ಮನೆಯವರು ಹುಡುಗ ಎನ್ನುತ್ತಾರೆ, ಗುಠ್ಲಿ ತಾನು ಹುಡುಗಿ ಎನ್ನುತ್ತದೆ. ನಿಮ್ಮ ಮಗು ಆಟದಲ್ಲಿ ಮಾತ್ರವಲ್ಲ, ತಿಂಗಳುಗಟ್ಟಲೆ, ಸಂಕಟಪಟ್ಟು ಹಾಗೆ ಹೇಳುತ್ತಿದ್ದರೆ ತಿದ್ದಲು ಹೋಗದೆ ಕೇಳಿಸಿಕೊಳ್ಳಿ. ಸಹಾಯ ಬೇಕೆನಿಸಿದರೆ ಮಕ್ಕಳ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕ್ಕೆ ಪ್ರತ್ಯೇಕ ವಿಭಾಗವಿದೆ.

ನಮ್ಮ ಗ್ರಂಥಾಲಯದಲ್ಲಿ ಕಥೆಯ ಜೊತೆಗೆ ವೇಷದ ಪೆಟ್ಟಿಗೆ ಇಡಬೇಕೆಂದಿದ್ದೇವೆ. ಏನೇನು ಬೇಕು? (ಶಿವಮೊಗ್ಗ)

ಸಿದ್ಧ ಉಡುಪಿಗಿಂತ ತುಂಡುಬಟ್ಟೆ ಮೇಲು. ರಾಜಕುಮಾರಿಯ ಗೌನು ರಾಜಕುಮಾರಿಯೊಬ್ಬಳೇ ಆಗುತ್ತದೆ, ತುಂಡುಬಟ್ಟೆ ಬಾಲ, ರೆಕ್ಕೆ, ಪೇಟ ಎಲ್ಲವೂ ಆಗುತ್ತದೆ. ಹಳೆಯ ಹತ್ತಿ ಸೀರೆಯನ್ನು ಮೂರು ಭಾಗ ಮಾಡಿ, 15 ಮಕ್ಕಳಿಗೆ ನಾಲ್ಕು ಸೀರೆ ಸಾಕು. ಎಲಾಸ್ಟಿಕ್ ಸೊಂಟದ ಲಂಗ ಆರು, ಪಂಚೆ ನಾಲ್ಕು. ಪಿನ್ನು, ಗಾಜಿನ ಬಳೆ ಬೇಡ. ಹೊದೆಯುವ ಬಟ್ಟೆಗೆ ಕುತ್ತಿಗೆಯಲ್ಲಿ ಗಂಟು ಹಾಕಿಸಬೇಡಿ, ಎಳೆದರೆ ಬಿಚ್ಚಿಕೊಳ್ಳುವ ವೆಲ್ಕ್ರೋ ಹೊಲಿಸಿ. ಮೂರು ವರ್ಷದೊಳಗಿನವರು ಬರುವುದಾದರೆ ಮಣಿಸರ ಮೇಲಿನ ಕಪಾಟಿನಲ್ಲಿರಲಿ. ಹುಡುಗರಿಗೊಂದು, ಹುಡುಗಿಯರಿಗೊಂದು ಎಂದು ಎರಡು ಪೆಟ್ಟಿಗೆ ಮಾಡಬೇಡಿ. ಕನ್ನಡಿ ಅಕ್ರಿಲಿಕ್‌ನದಾಗಿರಲಿ, ನೆಲದಿಂದಲೇ ಶುರುವಾಗಲಿ. ವಾರಕ್ಕೊಮ್ಮೆ ಎಲ್ಲವನ್ನೂ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಪೇಟದ ಬಟ್ಟೆಯನ್ನಂತೂ ತಪ್ಪದೆ, ಹೇನು ಅದರಿಂದಲೂ ಹರಡಬಹುದು.