ನಡೆಯುತ್ತಿರುವ ಕ್ಯಾಂಪೇನಿನಲ್ಲಿ ಮಂತ್ರಗಳ ನಿಯಮ ಬದಲಾದರೆ ಆಟಗಾರರು ಏಕೆ ಬೇಸರಗೊಳ್ಳುತ್ತಾರೆ?

ಆಟಗಾರರು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ನಡೆಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2024ರ ನಿಯಮಗಳನ್ನು ನಡೆಯುತ್ತಿರುವ ಕ್ಯಾಂಪೇನಿಗೆ (ಹಲವು ಭೇಟಿಗಳಲ್ಲಿ ಮುಂದುವರಿಯುವ ಒಂದೇ ಕಥೆಗೆ) ಅಳವಡಿಸಿದಾಗ ನಿಮ್ಮ ಆಟಗಾರರು ಮುನಿಸಿಕೊಂಡರೆಂದೂ, ಬದಲಾವಣೆ ನ್ಯಾಯವಾಗಿಯೇ ಇರುವಾಗ ಹೀಗೇಕೆಂದೂ ಕೇಳಿದ್ದೀರಿ. ಹಲವು ವರ್ಷ ಈ ಆಟವನ್ನು ಆಡಿಸಿದ ಅನುಭವದಿಂದ ಹೇಳುವುದಾದರೆ, ಮಾಂತ್ರಿಕನ ಪಾತ್ರ ವಹಿಸುವವರಿಗೆ ಮಂತ್ರವೆಂದರೆ ಖಚಿತವಾಗಿ ಕೈಹಿಡಿಯುವ ಆಸರೆ. ಆ ಖಚಿತತೆ ಹೋದದ್ದೇ ಅವರನ್ನು ನೋಯಿಸುತ್ತದೆ.

ಬೇರೆಯವರ ಮಂತ್ರವನ್ನು ತಡೆಯುವ ಕೌಂಟರ್‌ಸ್ಪೆಲ್ ಮಂತ್ರವನ್ನೇ ನೋಡಿ. 2014ರ ನಿಯಮದಂತೆ ಅದು ಮೂರನೇ ಹಂತದವರೆಗಿನ ಎದುರಾಳಿಯ ಮಂತ್ರವನ್ನು ದಾಳವನ್ನೇ ಉರುಳಿಸದೆ ರದ್ದುಮಾಡುತ್ತಿತ್ತು. 2024ರಲ್ಲಿ ಎದುರಾಳಿಗೆ ಕಾನ್‌ಸ್ಟಿಟ್ಯೂಶನ್ ಸೇವಿಂಗ್ ಥ್ರೋ, ಅಂದರೆ ದೇಹದಾರ್ಢ್ಯದ ಬಲದಿಂದ ದಾಳ ಉರುಳಿಸಿ ಪಾರಾಗುವ ಅವಕಾಶ, ದೊರೆಯಿತು. ಜೊತೆಗೆ, ಎದುರಾಳಿಯ ಮಂತ್ರ ರದ್ದಾದರೂ ಅದಕ್ಕೆ ಬಳಸಿದ ಸ್ಲಾಟ್ (ಮಂತ್ರ ಪ್ರಯೋಗಿಸಲು ಇರುವ ಸೀಮಿತ ಅವಕಾಶಗಳಲ್ಲಿ ಒಂದು) ಅವನಿಗೆ ಉಳಿಯುತ್ತದೆ. ನನ್ನ ಗುಂಪಿನ ಆಟಗಾರ್ತಿಯೊಬ್ಬರು ಶತ್ರುವಿನ ಫೈರ್‌ಬಾಲ್ ಮಂತ್ರವನ್ನು ತಡೆಯಲೆಂದು ತಮ್ಮ ಸ್ಲಾಟಿನ ಬಿಲ್ಲೆಯನ್ನು ಮೇಜಿನ ನಡುವೆ ಇಟ್ಟಿದ್ದರು. ನಾನು ದಾಳ ಉರುಳಿಸಿ, ಶತ್ರು ಪಾರಾದನೆಂದೆ. ಅವರು ಏನೂ ಹೇಳದೆ ಬಿಲ್ಲೆಯನ್ನೇ ನೋಡುತ್ತ ಕುಳಿತರು, ಮುಂದಿನ ವಾರ ಆ ಮಂತ್ರವನ್ನು ಸಿದ್ಧಪಡಿಸಿಕೊಳ್ಳಲೇ ಇಲ್ಲ. ಕೆಲವು ವಾರಗಳ ನಂತರ ಶತ್ರುವೊಬ್ಬ ಅವರದೇ ಮಂತ್ರವನ್ನು ತಡೆದಾಗ, "ಹಾಗಾದರೆ ನನ್ನ ಸ್ಲಾಟ್ ಉಳಿಯಿತೇ?" ಎಂದು ಎರಡು ಬಾರಿ ಕೇಳಿ ಖಚಿತಪಡಿಸಿಕೊಂಡರು. ಅದೇ ನಿಯಮದ ಇನ್ನೊಂದು ಮುಖ ಅವರಿಗೆ ಕಂಡದ್ದು ಆಗಲೇ.

ಇದು ಹೊಸ ಜಗಳವೇನಲ್ಲ. 2000ದ ಮೂರನೇ ಆವೃತ್ತಿಯಲ್ಲಿ ವೇಗ ಹೆಚ್ಚಿಸುವ ಹೇಸ್ಟ್ ಮಂತ್ರದ ಬಲದಿಂದ ಮಾಂತ್ರಿಕರು ಒಂದೇ ಸುತ್ತಿನಲ್ಲಿ ಎರಡು ಮಂತ್ರ ಪ್ರಯೋಗಿಸಬಹುದಿತ್ತು; 2003ರ ಪರಿಷ್ಕರಣೆ ಅದನ್ನು ಕಿತ್ತುಕೊಂಡಿತು. 2008ರ ನಾಲ್ಕನೇ ಆವೃತ್ತಿ ಇನ್ನೂ ಮುಂದೆ ಹೋಗಿ, ಯೋಧನಿಗೂ ಮಾಂತ್ರಿಕನಿಗೂ ಒಂದೇ ಚೌಕಟ್ಟಿನ ಶಕ್ತಿಗಳನ್ನು ಕೊಟ್ಟಿತು. ಸಮತೋಲನದ ದೃಷ್ಟಿಯಿಂದ ಅದು ಅಚ್ಚುಕಟ್ಟಾಗಿತ್ತೆಂದೇ ನನ್ನ ಅಭಿಪ್ರಾಯ. ಆದರೂ ಮಾಂತ್ರಿಕನ ಪ್ರತ್ಯೇಕತೆ ಅಳಿಸಿಹೋಯಿತೆಂದು ಅನೇಕರು ಮರುಗಿದರು, ಮತ್ತು ಹಳೆಯ ಪದ್ಧತಿಯನ್ನು ಮುಂದುವರಿಸಿದ ಪಾತ್‌ಫೈಂಡರ್ ಎಂಬ ಬೇರೆ ಆಟ 2009ರಲ್ಲಿ ಬಂದಾಗ ಅತ್ತ ಹೊರಟರು.

ಆದ್ದರಿಂದ, ಈಗಿರುವ ಪಾತ್ರಗಳಿಗೆ ಕಥೆಯ ಈ ಅಧ್ಯಾಯ ಮುಗಿಯುವವರೆಗೆ ಹಳೆಯ ನಿಯಮವೇ ಇರಲಿ. ಬಳಿಕ, ಬದಲಾದ ಮಂತ್ರಗಳ ಜಾಗದಲ್ಲಿ ಬೇರೆಯವನ್ನು ಆರಿಸಿಕೊಳ್ಳಲು ಎಲ್ಲರಿಗೂ ಒಮ್ಮೆ ಅವಕಾಶ ಕೊಡಿ. ಹೊಸ ಕೌಂಟರ್‌ಸ್ಪೆಲ್ ಅನ್ನು ಮೊದಲು ಶತ್ರುವಿನ ಕೈಯಲ್ಲಿ ತೋರಿಸಿ. ತಮ್ಮ ಸ್ಲಾಟ್ ಉಳಿಯುವುದನ್ನು ಕಂಡ ಮೇಲೆ ಅವರೊಡನೆ ಮಾತಾಡುವುದು ಸುಲಭವಾಗುತ್ತದೆ.