ಡ್ಯೂಟಿ ಜೊತೆ ವೆಟ್ (ಪ್ರಾಣಿಗಳ) ನರ್ಸಿಂಗ್ ಉನ್ನತ ಪದವಿ: ಭಾನುವಾರ ನಂಬಿಕೊಂಡು ಕೂರಬೇಡಿ

ವಾರವಿಡೀ ಡ್ಯೂಟಿ, ಓದೆಲ್ಲ ಭಾನುವಾರಕ್ಕೆ, ಅದೂ ಒಂದೇ ಟರ್ಮ್‌ಗೆ ಎರಡು ಮಾಡ್ಯೂಲ್ (ಕೋರ್ಸಿನ ವಿಷಯ) ಅಂತ ಬರೆದಿದ್ದೀರಲ್ಲ ಮೇಡಂ, ದಯವಿಟ್ಟು ಬೇಡ. ನಾನೂ ಇದೇ ಲೆಕ್ಕ ಹಾಕಿದ್ದವಳು. ಭಾನುವಾರ ಬರುತ್ತದೆ, ಓದುವ ತಲೆ ಬರುವುದಿಲ್ಲ. ನೈಟ್ ಮುಗಿಸಿದ ದಿನವಂತೂ ಪುಸ್ತಕ ಮುಟ್ಟಬೇಡಿ, ಮಲಗಿ. ಕೋರ್ಸ್ ಮುಗಿಯುವುದು ತಡವಾದರೂ ಪರವಾಗಿಲ್ಲ, ಒಂದು ಟರ್ಮ್‌ಗೆ ಒಂದೇ ಮಾಡ್ಯೂಲ್ ತಗೊಳ್ಳಿ.

ನನ್ನ ಕೈಹಿಡಿದದ್ದು ಕೇಸ್ ಡೈರಿ. ಕೇಸ್ ಮುಗಿದ ದಿನವೇ, ಚಾರ್ಟ್ ಕೈಯಲ್ಲಿರುವಾಗಲೇ ನಾಲ್ಕು ಸಾಲು: ಏನು ಕಂಡಿತು, ಏನು ಮಾಡಿದೆವು, ಯಾಕೆ ಮಾಡಿದೆವು, ನನಗೆ ಅರ್ಥವಾಗದೆ ಉಳಿದದ್ದೇನು. ನಾಲ್ಕನೇ ಸಾಲು ಬರೆಯದಿದ್ದರೆ ಡೈರಿ ಇಟ್ಟು ಉಪಯೋಗವೇ ಇಲ್ಲ. ಉದಾಹರಣೆಗೆ, ನಾಯಿಗೆ ಸ್ಪೇ (ಸಂತಾನಹರಣ ಆಪರೇಷನ್) ನಡೆಯುತ್ತಿದೆ, ಉಸಿರು ಎಳೆದುಕೊಳ್ಳುವಾಗಲೂ ಕ್ಯಾಪ್ನೋಗ್ರಾಫ್‌ನ (ಉಸಿರಿನಲ್ಲಿರುವ ಕಾರ್ಬನ್ ಡೈಆಕ್ಸೈಡ್ ತೋರಿಸುವ ಯಂತ್ರ) ಗೆರೆ ಸೊನ್ನೆ ಮುಟ್ಟುತ್ತಿಲ್ಲ. ಅಂದರೆ ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿದೆ. ಸೋಡಾ ಲೈಮ್ (ಆ ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳುವ, ಮುಗಿಯುತ್ತಾ ಬಂದಂತೆ ಬಣ್ಣ ಬದಲಾಗುವ ಹರಳು) ಬದಲಾಯಿಸಿದ ಮೇಲೆ ಸರಿಹೋಯಿತು. ಬಹಳ ಜನ ಇಲ್ಲಿಗೇ ಡೈರಿ ಮುಚ್ಚುತ್ತಾರೆ. ಆದರೆ ಬೆಳಿಗ್ಗೆ ನೋಡಿದಾಗ ಅದರ ಬಣ್ಣ ಸರಿಯಾಗಿಯೇ ಇತ್ತಲ್ಲ? ಅದೇ ನಾಲ್ಕನೇ ಸಾಲು. ಹೀರುವ ಶಕ್ತಿ ಮುಗಿದ ಸೋಡಾ ಲೈಮ್ ಅನ್ನು ರಾತ್ರಿ ಸುಮ್ನೆ ಬಿಟ್ಟರೆ ಬಣ್ಣ ಹಿಂದಿನಂತೆಯೇ ಆಗಿಬಿಡಬಹುದು, ಹಾಗಾಗಿ ಬಣ್ಣ ಮಾತ್ರ ನಂಬದೆ ಬಳಸಿದ ಗಂಟೆಗಳನ್ನು ಬರೆದಿಡಬೇಕು. ಇದರ ಬೆನ್ನು ಹತ್ತಿ ನಾಲ್ಕು ಲೇಖನ ಓದಿದರೆ ಅನಸ್ತೇಷಿಯಾ ಅಸೈನ್‌ಮೆಂಟ್‌ನ ಅರ್ಧ ಆಯಿತು.

ಡೈರಿಗೆ ಅಂತ ಕೇಸ್ ಶೀಟಿನ ಫೋಟೋ ಮೊಬೈಲಿನಲ್ಲಿ ತುಂಬಿಕೊಳ್ಳಬೇಡಿ. ನಿಮ್ಮ ಪೋಸ್ಟ್‌ಗೆ ಉತ್ತರವಾಗಿ ಒಬ್ಬರು ಹಾಗೆ ಮಾಡಿ ಅಂತ ಸಲಹೆ ಕೊಟ್ಟಿದ್ದಾರೆ, ಓದಿ ಸಿಟ್ಟು ಬಂತು. ಅದರಲ್ಲಿ ಮಾಲೀಕರ ಹೆಸರು, ಫೋನ್ ನಂಬರ್ ಎಲ್ಲ ಇರುತ್ತದೆ. ಕೇಸ್ ರಿಪೋರ್ಟ್ ಬರೆಯುವುದಿದ್ದರೆ ಮಾಲೀಕರ ಒಪ್ಪಿಗೆ, ಕ್ಲಿನಿಕ್ಕಿನ ಅನುಮತಿ ಮೊದಲೇ ತಗೊಳ್ಳಿ. ಪ್ರಾಜೆಕ್ಟ್‌ಗೆ ಎಥಿಕ್ಸ್ ಕಮಿಟಿಯದ್ದೂ ಅಷ್ಟೇ, ಡೇಟಾ ಕೂಡಿಸಿದ ಮೇಲೆ ಹೋಗಿ ಕೇಳಿದರೆ ಆಗುವುದಿಲ್ಲ.

ನಾಲ್ಕನೇ ಸಾಲಿಗೆ ಉತ್ತರ ಸಿಕ್ಕ ದಿನ ಅದನ್ನು ಆಂಕಿಯಲ್ಲಿ (ಪ್ರಶ್ನೆ-ಉತ್ತರದ ಕಾರ್ಡ್‌ಗಳಿಂದ ನೆನಪಿಡಿಸುವ ಆ್ಯಪ್) ಒಂದು ಕಾರ್ಡ್ ಮಾಡಿಬಿಡಿ. ಉದಾಹರಣೆಗೆ, ಬಿಪಿ ಕಫ್‌ನ (ಬಿಪಿ ನೋಡಲು ಕಾಲಿಗೆ ಸುತ್ತುವ ಪಟ್ಟಿ) ಅಗಲ ಕಾಲಿನ ಸುತ್ತಳತೆಯ ಸುಮಾರು 40% ಇರಬೇಕು, ಕಿರಿದಾದರೆ ಬಿಪಿ ಜಾಸ್ತಿ ತೋರಿಸುತ್ತದೆ, ಅಗಲವಾದರೆ ಕಡಿಮೆ. ಇಂಥವು ಒಂದು ಕಾರ್ಡ್‌ಗೆ ಒಂದು. ಬೇರೆಯವರ ರೆಡಿ ಡೆಕ್ (ಕಾರ್ಡ್‌ಗಳ ಕಟ್ಟು) ಇಳಿಸಿಕೊಳ್ಳಬೇಡಿ. ಕಾರ್ಡ್ ಮಾಡುವುದರಲ್ಲೇ ಅರ್ಧ ಕಲಿಕೆ, ಮೇಲಾಗಿ ಮನುಷ್ಯರ ನರ್ಸಿಂಗ್ ಡೆಕ್‌ನ ನಾರ್ಮಲ್ ಅಂಕಿಗಳು ತಲೆಗೆ ಹೊಕ್ಕರೆ ಬಿಡಿಸುವುದು ಕಷ್ಟ. ಆಂಕಿ ಕಂಪ್ಯೂಟರ್, ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನ್ ಆ್ಯಪ್‌ಗೆ ಮಾತ್ರ ದುಡ್ಡು.

ರೆಫರೆನ್ಸ್‌ಗೆ ಜೊಟೆರೊ (ಓದಿದ ಲೇಖನಗಳ ವಿವರ ಕೂಡಿಟ್ಟು ಪಟ್ಟಿ ಮಾಡಿಕೊಡುವ ಸಾಫ್ಟ್‌ವೇರ್), ಮೊದಲ ದಿನದಿಂದಲೇ. ವರ್ಡ್‌ನಲ್ಲಿ ಕೈಯಿಂದ ಟೈಪ್ ಮಾಡುತ್ತೇನೆ ಅನ್ನುವವರಿಗೆ ಸಲ್ಲಿಸುವ ಹಿಂದಿನ ರಾತ್ರಿ ಗೊತ್ತಾಗುತ್ತದೆ. ಅದರ ಆನ್‌ಲೈನ್ ಉಚಿತ ಜಾಗ 300 ಎಂಬಿ ಮಾತ್ರ, ಪಿಡಿಎಫ್ ಸಿಂಕ್ ಆಫ್ ಮಾಡಿಕೊಳ್ಳಿ. ತಾನಾಗಿ ತುಂಬಿದ ವಿವರಗಳನ್ನು ಒಮ್ಮೆ ಕಣ್ಣಾಡಿಸಿ, ಲೇಖಕರ ಹೆಸರು ಉಲ್ಟಾ ಆಗಿರುತ್ತದೆ ಕೆಲವೊಮ್ಮೆ.

ನ್ಯೂಟ್ರಿಷನ್‌ನಲ್ಲಿ ಪ್ರಾಣಿಗೆ ಬೇಕಾದ ಶಕ್ತಿಯ ಲೆಕ್ಕ ಹೇಗೆ ಅಂತಲೂ ಕೇಳಿದ್ದಿರಿ. ವಿಶ್ರಾಂತಿ ಶಕ್ತಿಯ (ಸುಮ್ಮನೆ ಮಲಗಿರುವ ಪ್ರಾಣಿಗೆ ದಿನಕ್ಕೆ ಬೇಕಾದ ಶಕ್ತಿ) ಲೆಕ್ಕಕ್ಕೆ, ಕೆಜಿ ತೂಕವನ್ನು 30ರಿಂದ ಗುಣಿಸಿ 70 ಕೂಡುವುದು ವಾರ್ಡಿಗೆ ಸಾಕು, ಆದರೆ 2 ಕೆಜಿಗಿಂತ ಚಿಕ್ಕ ಪ್ರಾಣಿಗೆ ಬಳಸಬೇಡಿ. ಅಸೈನ್‌ಮೆಂಟ್‌ನಲ್ಲಿ ತೂಕದ 0.75 ಘಾತವನ್ನು 70ರಿಂದ ಗುಣಿಸುವ ಸೂತ್ರವನ್ನೇ ಹಾಕಿ. 10 ಕೆಜಿ ನಾಯಿಗೆ ಮೊದಲನೆಯದರಲ್ಲಿ 370 ಕಿಲೋಕ್ಯಾಲರಿ, ಎರಡನೆಯದರಲ್ಲಿ ಸುಮಾರು 394. ಯಾವ ಸೂತ್ರ ಅಂತ ಬರೆಯದಿದ್ದರೆ ಅಂಕ ಹೋಗುತ್ತದೆ.

ಅಸೈನ್‌ಮೆಂಟ್ ಸಲ್ಲಿಸುವ ದಿನಾಂಕಗಳನ್ನು ರೋಟಾ (ಡ್ಯೂಟಿ ಪಟ್ಟಿ) ಹಾಕುವವರಿಗೆ ಇವತ್ತೇ ಕೊಡಿ, ರೋಟಾ ಬಂದ ಮೇಲೆ ಶಿಫ್ಟ್ ಬದಲಿಗೆ ಗೋಗರೆಯಬೇಡಿ. ನಿಮ್ಮ ಎರಡು ಮಾಡ್ಯೂಲ್‌ಗಳಲ್ಲಿ ಒಂದು ರಿಸರ್ಚ್ ಮೆಥಡ್ಸ್ (ಸಂಶೋಧನಾ ವಿಧಾನ) ಆಗಿದ್ದರೆ ಅದನ್ನೇ ಮೊದಲು ಇಟ್ಟುಕೊಳ್ಳಿ, ಲೇಖನ ಓದಿ ತೂಗಿ ನೋಡುವುದು ಬಂದರೆ ಮುಂದಿನವಕ್ಕೆಲ್ಲ ಅದೇ ಬೇಕಾಗುವುದು.