ಪ್ರತಿಕ್ರಿಯೆ: ಸೋದರತ್ತೆಯವರ ಕಾಗದಪತ್ರಗಳ ಕುರಿತು

ಮಾನ್ಯರೇ, ದೆಹಲಿಯ ರಾಜಕೀಯ ಕುಟುಂಬವೊಂದರ ಸಾಮಾಜಿಕ ಕಾರ್ಯದರ್ಶಿಯಾಗಿದ್ದ (ಎಂದರೆ ಔತಣ, ಅತಿಥಿಗಳ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ) ನಿಮ್ಮ ಸೋದರತ್ತೆಯವರ ಕಾಗದಪತ್ರಗಳು ಚಿಕ್ಕಮಗಳೂರಿನ ಮನೆಯ ಅಟ್ಟದಲ್ಲಿವೆ, ನಾಯಕರ ಪತ್ರಗಳನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಎಸೆಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಎಸೆಯಬೇಡಿ. ನಾಯಕರ ಪತ್ರದ ಪ್ರತಿ ಬೇರೊಂದು ಕಡತದಲ್ಲಿ ಸಿಕ್ಕೀತು. ಆದರೆ ಔತಣದಲ್ಲಿ ಯಾರ ಪಕ್ಕ ಯಾರನ್ನು ಕೂರಿಸಿದರು, ಕೊನೆಯ ಗಳಿಗೆಯಲ್ಲಿ ಯಾರ ಹೆಸರಿನ ಮೇಲೆ ಪೆನ್ಸಿಲಿನ ಗೆರೆ ಬಿತ್ತು ಎಂಬುದನ್ನು ತಿಳಿಸುವ ಅತಿಥಿಪಟ್ಟಿ ಮತ್ತೆಲ್ಲೂ ಸಿಗಲಾರದು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು ಸೋಲಿಸಿದ ಸಂಗತಿ ಎಲ್ಲರಿಗೂ ಗೊತ್ತು. ಅಂಥ ದಿನಗಳಲ್ಲಿ ನಾಯಕರ ಮನೆಗೆ ಬಂದುಹೋದವರು ಯಾರೆಂಬುದು ಉಳಿಯುವುದು ಇಂಥ ಅತಿಥಿಪಟ್ಟಿ, ದಿನಚರಿಗಳಲ್ಲೇ.

ಮಳೆಗಾಲಕ್ಕೆ ಮುಂಚೆಯೇ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಗಾಳಿಯಾಡುವ ಒಣ ಕೋಣೆಯಲ್ಲಿಡಿ. ತುಕ್ಕು ಹಿಡಿದ ಗುಂಡುಸೂಜಿಗಳನ್ನು ಮೆಲ್ಲಗೆ ತೆಗೆಯಿರಿ, ಆದರೆ ಸೋದರತ್ತೆಯವರು ಕಟ್ಟಿಟ್ಟ ಕಟ್ಟುಗಳ ಕ್ರಮವನ್ನು ಕೆಡಿಸಬೇಡಿ, ಏಕೆಂದರೆ ಆ ಕ್ರಮವೇ ಅವರ ಕೆಲಸದ ರೀತಿಯನ್ನು ಹೇಳುತ್ತದೆ. ಲ್ಯಾಮಿನೇಷನ್ ಖಂಡಿತ ಬೇಡ. ಪತ್ರದ ಹಾಳೆ ನಿಮ್ಮದಾದರೂ ಬರಹದ ಹಕ್ಕುಸ್ವಾಮ್ಯ ಬರೆದವರದು, ಅವರ ಬಳಿಕ ವಾರಸುದಾರರದು. ಆದ್ದರಿಂದ ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬೇಡಿ. ದೆಹಲಿಯ ರಾಷ್ಟ್ರೀಯ ಪತ್ರಾಗಾರವು ಖಾಸಗಿ ಕಾಗದಪತ್ರಗಳನ್ನೂ ಸ್ವೀಕರಿಸುತ್ತದೆ. ಬದುಕಿರುವವರ ಖಾಸಗಿ ವಿಷಯಗಳಿರುವ ಕಟ್ಟುಗಳನ್ನು ಇಂತಿಷ್ಟು ವರ್ಷ ತೆರೆಯಬಾರದೆಂಬ ಷರತ್ತಿನ ಬಗ್ಗೆ ಕೊಡುವ ಮೊದಲೇ ಮಾತನಾಡಿ, ಬರಹದಲ್ಲಿ ಪಡೆದುಕೊಳ್ಳಿ.